ಬೆಂಗಳೂರಿನ ಮೆಟ್ರೋ: ಯಾರ ಹಣ, ಯಾರ ಸವಾರಿ?

(ಮಿಲ್ ಕಾರ್ಮಿಕರು ಮತ್ತು ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಬೆಂಗಳೂರಿನಲ್ಲಿ ಕಂಬಗಳ ಮೇಲೆ ಓಡುವ ರೈಲಿನ ವಿಷಯವನ್ನು ಜಿಲ್ಲೆಯ ಈ ಊರಿನಲ್ಲಿ ಕುಳಿತು ನಾವೇಕೆ ಮಾತಾಡಬೇಕೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಊರಿನಲ್ಲಿ ನಗರ ಬಸ್ಸೇ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಇನ್ನು ಮೆಟ್ರೋ ಮಾತೆಲ್ಲಿ? ಆದರೂ ಈ ವಿಷಯವನ್ನು ಆರಿಸಿಕೊಂಡಿರುವುದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಆ ರೈಲಿಗೆ ನಾವೂ ಹಣ ಕೊಟ್ಟಿದ್ದೇವೆ. ಬೆಂಗಳೂರು ಮೆಟ್ರೋ ನಿಗಮ ಕೇಂದ್ರ ಸರ್ಕಾರ ಮತ್ತು ರಾಜ್ಯ ಸರ್ಕಾರ ಸಮಪಾಲಿನಲ್ಲಿ ನಡೆಸುವ ಸಂಸ್ಥೆ. ರಾಜ್ಯದ ಬೊಕ್ಕಸದಿಂದ ಹೋಗುವ ಪ್ರತಿ ರೂಪಾಯಿಯಲ್ಲೂ ಈ ಊರಿನ ಬಟ್ಟೆ ಅಂಗಡಿಯಲ್ಲಿ, ಕಿರಾಣಿ ಅಂಗಡಿಯಲ್ಲಿ ನೀವು ಕೊಟ್ಟ ತೆರಿಗೆಯ ಪಾಲಿದೆ. ಎರಡನೆಯದು, ಇಲ್ಲಿ ಮಿಲ್ಲುಗಳ ಬಾಗಿಲು ಒಂದೊಂದಾಗಿ ಮುಚ್ಚಿದಂತೆ ನಮ್ಮ ಮಕ್ಕಳು ಕೆಲಸ ಹುಡುಕಿಕೊಂಡು ಹೋಗಿರುವುದು ಪೀಣ್ಯಕ್ಕೆ, ಬೊಮ್ಮಸಂದ್ರಕ್ಕೆ, ಹೊಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ. ಅವರು ತಿಂಗಳ ಕೊನೆಗೆ ಮನೆಗೆ ಎಷ್ಟು ಹಣ ಕಳಿಸಬಲ್ಲರು ಎಂಬುದನ್ನು ಆ ಊರಿನ ಬಾಡಿಗೆ ಮತ್ತು ಸಾಗಣೆಯ ದರ ನಿರ್ಧರಿಸುತ್ತವೆ. ಮೂರನೆಯದು, ಬೆಂಗಳೂರಿನಲ್ಲಿ ಇಂದು ನಡೆದದ್ದು ನಾಳೆ ನಮ್ಮ ಊರಿಗೂ ಬರುತ್ತದೆ. ಅದು ಮೆಟ್ರೋ ಆಗಿ ಬರದಿರಬಹುದು; ಮೇಲ್ಸೇತುವೆಯಾಗಿ, ರಸ್ತೆ ಅಗಲೀಕರಣವಾಗಿ ಬರಬಹುದು. ಆಗ ಯಾರ ಅಂಗಡಿ ಹೋಗುತ್ತದೆ, ಯಾರ ನಿವೇಶನದ ಬೆಲೆ ಏರುತ್ತದೆ ಎಂಬ ಪ್ರಶ್ನೆ ನಮ್ಮ ಮುಂದೆಯೂ ನಿಲ್ಲುತ್ತದೆ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಸಮಾಜವಾದಿಗಳು ಯಂತ್ರದ ವಿರೋಧಿಗಳಲ್ಲ, ರೈಲಿನ ವಿರೋಧಿಗಳೂ ಅಲ್ಲ. ಆರು ಬೋಗಿಯ ಒಂದು ಮೆಟ್ರೋ ರೈಲು ಸಾವಿರದೈನೂರಕ್ಕೂ ಹೆಚ್ಚು ಜನರನ್ನು ಒಂದೇ ಸಲ ಹೊತ್ತೊಯ್ಯುತ್ತದೆ. ಅಷ್ಟೇ ಜನ ಕಾರುಗಳಲ್ಲಿ ಹೊರಟರೆ ರಸ್ತೆಯೇ ಸಾಲದು. ಹತ್ತು ಜನ ಧನಿಕರು ಹತ್ತು ಕಾರುಗಳಲ್ಲಿ ಕುಳಿತು ನೂರು ಜನರ ಬಸ್ಸಿಗೆ ಅಡ್ಡ ನಿಲ್ಲುವ ಅನ್ಯಾಯಕ್ಕೆ ಸಾರ್ವಜನಿಕ ರೈಲೇ ಉತ್ತರ. ಆದುದರಿಂದ ರೈಲು ಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿಲ್ಲ. ಅದನ್ನು ಯಾರ ಹಣದಲ್ಲಿ ಕಟ್ಟಿದರು, ಅದರ ಭಾರ ಯಾರ ಮೇಲೆ ಬಿತ್ತು, ಅದರಿಂದ ಹುಟ್ಟಿದ ಲಾಭ ಯಾರ ಜೇಬಿಗೆ ಹೋಯಿತು ಎಂಬುದಷ್ಟೇ ನಮ್ಮ ಪ್ರಶ್ನೆ.

ರೈಲನ್ನು ಕಂಬದ ಮೇಲೆ ಏಕೆ ಏರಿಸಿದರು?

ನಗರದ ನಡುವೆ ರೈಲು ಹಾಕಲು ಮೂರು ದಾರಿಗಳಿವೆ: ನೆಲದ ಮೇಲೆ, ನೆಲದ ಅಡಿಯಲ್ಲಿ, ಇಲ್ಲವೆ ಕಂಬಗಳ ಮೇಲೆ. ನೆಲದ ಮೇಲೆ ಜಾಗವಿಲ್ಲ. ನೆಲದಡಿ ಸುರಂಗ ಕೊರೆದರೆ ಬೀದಿ ಬೀದಿಯಾಗಿಯೇ ಉಳಿಯುತ್ತದೆ. ಆದರೆ ಕಂಬದ ಮೇಲಿನ ದಾರಿಗೆ ತಗಲುವ ವೆಚ್ಚಕ್ಕಿಂತ ಎರಡು ಮೂರು ಪಟ್ಟು ಹಣ ಬೇಕು. ಆದ್ದರಿಂದ ಸರ್ಕಾರಗಳು ಕಂಬವನ್ನೇ ಹೆಚ್ಚಾಗಿ ಆರಿಸುತ್ತವೆ. ರಸ್ತೆಯ ನಡುಗೆರೆಯಲ್ಲಿ ಆಳಕ್ಕೆ ಬುನಾದಿ ಇಳಿಸಿ, ಕಂಬ ಎಬ್ಬಿಸಿ, ಬೇರೆ ಕಡೆ ಎರಕ ಹೊಯ್ದ ಕಾಂಕ್ರೀಟು ತುಂಡುಗಳನ್ನು ರಾತ್ರಿಯ ಹೊತ್ತು ತಂದು ಮೇಲೆ ಕೂರಿಸುತ್ತಾರೆ. ಬೆಂಗಳೂರಿನಲ್ಲಿ ಹಳಿಯ ಪಕ್ಕದ ಮೂರನೆಯ ಹಳಿಯಲ್ಲಿ 750 ವೋಲ್ಟಿನ ವಿದ್ಯುತ್ತು ಹರಿಯುತ್ತದೆ. ತಲೆಯ ಮೇಲೆ ತಂತಿ ಇಲ್ಲ.

ಬೆಂಗಳೂರಿನ ಮೊದಲ ಹಂತದ ಒಟ್ಟು ಉದ್ದ 42.3 ಕಿಲೋಮೀಟರು. ಇದರಲ್ಲಿ ಸುರಂಗದೊಳಗೆ ಇರುವುದು ಒಂಬತ್ತು ಕಿಲೋಮೀಟರಿಗೂ ಕಡಿಮೆ. ವಿಧಾನಸೌಧ, ಮೆಜೆಸ್ಟಿಕ್, ಚಿಕ್ಕಪೇಟೆಗಳ ಕೆಳಗೆ ಸುರಂಗ. ಉಳಿದ ಬಡಾವಣೆಗಳಲ್ಲಿ ಹೆಚ್ಚಾಗಿ ಕಂಬ. ಸುರಂಗಕ್ಕೆ ಹೋದ ಹೆಚ್ಚಿನ ವೆಚ್ಚ ಸರ್ಕಾರದ ಲೆಕ್ಕದಲ್ಲಿ ಕಾಣಿಸುತ್ತದೆ. ಕಂಬದ ಕೆಳಗೆ ಬದುಕುವವರು ತೆರುವ ವೆಚ್ಚ, ಅಂದರೆ ಹೋದ ಬೆಳಕು, ಹೋದ ಮರ, ಹೋದ ಗಿರಾಕಿ, ಯಾವ ಲೆಕ್ಕದಲ್ಲೂ ಕಾಣಿಸುವುದಿಲ್ಲ. ಕಂಬದ ದಾರಿ ಅಗ್ಗವಾಗಿ ತೋರುವುದಕ್ಕೆ ಇದೂ ಒಂದು ಕಾರಣ. ಅದರ ಒಂದು ಪಾಲನ್ನು ಬೀದಿಯ ಜನ ತಮ್ಮ ಕೈಯಿಂದ ಕೊಡುತ್ತಾರೆ.

ನ್ಯೂಯಾರ್ಕ್ ಮತ್ತು ಲಿವರ್‌ಪೂಲುಗಳ ಪಾಠ

ಕಂಬದ ಮೇಲಿನ ರೈಲು ಹೊಸ ವಸ್ತುವೇನಲ್ಲ. ಅಮೆರಿಕದ ನ್ಯೂಯಾರ್ಕಿನಲ್ಲಿ 1870ರ ದಶಕದಲ್ಲಿಯೇ ಕಬ್ಬಿಣದ ಕಂಬಗಳ ಮೇಲೆ ಉಗಿಬಂಡಿಗಳು ಓಡಿದವು. ಖಾಸಗಿ ಕಂಪನಿಗಳು ನಗರದ ಬೀದಿಯನ್ನೇ ಬಂಡವಾಳವಾಗಿ ಬಳಸಿಕೊಂಡು ಲಾಭ ಮಾಡಿದವು. ಮೇಲಿನಿಂದ ಬೂದಿ, ಕಿಡಿ, ಎಣ್ಣೆ ಬೀಳುತ್ತಿತ್ತು. ಎರಡನೆಯ ಮಹಡಿಯ ಕಿಟಕಿಯ ಮುಂದೆಯೇ ಗಾಡಿ ಗಡಗಡಿಸಿ ಹೋಗುತ್ತಿತ್ತು. ಬಾಡಿಗೆ ಕಡಿಮೆಯಾದ ಆ ಬೀದಿಗಳಲ್ಲಿ ಬಡವರೂ ಹೊಸದಾಗಿ ವಲಸೆ ಬಂದವರೂ ನೆಲೆಸಿದರು.

ಆಗ ಸ್ಟೋರಿ ಎಂಬ ಕಟ್ಟಡದ ಒಡೆಯನೊಬ್ಬ ಕಂಪನಿಯ ಮೇಲೆ ದಾವೆ ಹೂಡಿದ. ನನ್ನ ಒಂದು ಇಟ್ಟಿಗೆಯನ್ನೂ ಅವರು ಮುಟ್ಟಿಲ್ಲ, ಆದರೆ ನನ್ನ ಬಾಗಿಲಿಗೆ ಬರುವ ಬೆಳಕು, ಗಾಳಿ ಮತ್ತು ಓಡಾಟವನ್ನು ಕಸಿದುಕೊಂಡಿದ್ದಾರೆ ಎಂಬುದು ಅವನ ವಾದ. 1882ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುಚ್ಚ ನ್ಯಾಯಾಲಯ ಆ ವಾದವನ್ನು ಎತ್ತಿ ಹಿಡಿಯಿತು. ಬೀದಿಯ ಬೆಳಕು, ಗಾಳಿ ಮತ್ತು ದಾರಿಯ ಮೇಲೆ ಪಕ್ಕದ ಒಡೆಯನಿಗೆ ಹಕ್ಕಿದೆ, ಅದನ್ನು ಕಿತ್ತುಕೊಂಡರೆ ಪರಿಹಾರ ಕೊಡಬೇಕು ಎಂದಿತು. ವರ್ತಕ ಮಿತ್ರರೇ, ಈ ತೀರ್ಪನ್ನು ನೆನಪಿನಲ್ಲಿಡಿ; ನಾನು ಮತ್ತೆ ಇದಕ್ಕೆ ಬರುತ್ತೇನೆ.

ಅದೇ ನಗರದಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಸುರಂಗ ಮಾರ್ಗಗಳಲ್ಲಿ ಪ್ರಯಾಣದ ದರ ಎಷ್ಟು ದೂರಕ್ಕಾದರೂ ಐದು ಸೆಂಟು ಎಂದು ಬಹುಕಾಲ ನಡೆದುಬಂತು. 1940ರಲ್ಲಿ ನಗರಾಡಳಿತವೇ ಖಾಸಗಿ ಕಂಪನಿಗಳನ್ನು ಕೊಂಡುಕೊಂಡಿತು. 1948ರವರೆಗೂ ಆ ಐದು ಸೆಂಟು ಅಲುಗಲಿಲ್ಲ, ಏಕೆಂದರೆ ಅದನ್ನು ಮುಟ್ಟಿದ ರಾಜಕಾರಣಿಯನ್ನು ಜನ ಬಿಡುತ್ತಿರಲಿಲ್ಲ. ಜನ ಎಚ್ಚರವಾಗಿದ್ದರೆ ದರವೂ ಎಚ್ಚರವಾಗಿರುತ್ತದೆ.

ಆದರೆ ಮುಂದೇನಾಯಿತು? ಬೀದಿಗೆ ಬೆಳಕು ಬರಲಿ ಎಂದು ಕಂಬದ ಹಳಿಗಳನ್ನು ಒಂದೊಂದಾಗಿ ಕೆಡವಿದರು. ಆರನೆಯ ಅವೆನ್ಯೂವಿನ ಮಾರ್ಗ 1938ರ ಡಿಸೆಂಬರಿನಲ್ಲಿ ನಿಂತಿತು. ಮೂರನೆಯ ಅವೆನ್ಯೂವಿನದು 1955ರ ಮೇ 12ರಂದು ನಿಂತಿತು. ಅದನ್ನು ಕೆಡವಬೇಕೆಂದು ಒತ್ತಾಯ ಮಾಡಿದವರಲ್ಲಿ ಆ ಬೀದಿಯ ಆಸ್ತಿಯ ಒಡೆಯರು ಮುಂದಿದ್ದರು. ಕಂಬ ಹೋದ ಕೂಡಲೆ ನೆಲದ ಬೆಲೆ ಏರಿತು, ಹಳೆಯ ವಠಾರಗಳು ಉರುಳಿದವು, ಎತ್ತರದ ಕಟ್ಟಡಗಳು ಎದ್ದವು. ಕಂಬದ ನೆರಳಿನಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಗದ್ದಲ ಸಹಿಸಿದ ಬಾಡಿಗೆದಾರರಿಗೆ ಬೆಳಕು ಬರುವ ಹೊತ್ತಿಗೆ ಜಾಗ ಉಳಿಯಲಿಲ್ಲ. ಅದರ ಬದಲಿಗೆ ಕೊಡುತ್ತೇವೆಂದು ಹೇಳಿದ್ದ ಎರಡನೆಯ ಅವೆನ್ಯೂವಿನ ಸುರಂಗ ರೈಲು ಮೊದಲ ಬಾರಿಗೆ ಓಡಿದ್ದು 2017ರ ಜನವರಿ 1ರಂದು. ಕಂಬ ಕೀಳುವುದು ತಡವಾಗಲಿಲ್ಲ. ಕೊಟ್ಟ ಮಾತು ನಡೆಸಲು ಅರುವತ್ತೆರಡು ವರ್ಷ ಬೇಕಾಯಿತು.

ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹಡಗುಕಟ್ಟೆಯ ಉದ್ದಕ್ಕೂ 1893ರಲ್ಲಿ ಒಂದು ಮೇಲುಹಳಿ ತೆರೆಯಿತು. ವಿದ್ಯುತ್ತಿನಿಂದ ಓಡಿದ ಮೊದಲ ಕಂಬದ ರೈಲು ಅದು. ಅದರಲ್ಲಿ ಓಡಾಡುತ್ತಿದ್ದವರು ಹಡಗುಕಟ್ಟೆಯ ಹಮಾಲರು. ಮಳೆ ಬಂದಾಗ ಅವರು ಅದರ ಕೆಳಗೇ ನಡೆದು ಹೋಗುತ್ತಿದ್ದುದರಿಂದ ಅದಕ್ಕೆ ಹಮಾಲರ ಛತ್ರಿ ಎಂಬ ಹೆಸರು ಬಿತ್ತು. 1948ರಲ್ಲಿ ಬ್ರಿಟನ್ನಿನ ರೈಲ್ವೆಗಳು ರಾಷ್ಟ್ರೀಕರಣವಾದಾಗ ಈ ಒಂದು ಮಾರ್ಗ ಖಾಸಗಿ ಕಂಪನಿಯ ಕೈಯಲ್ಲೇ ಉಳಿಯಿತು. ಕಬ್ಬಿಣ ತುಕ್ಕು ಹಿಡಿಯಿತು. ದುರಸ್ತಿಗೆ ಸುಮಾರು 20 ಲಕ್ಷ ಪೌಂಡು ಬೇಕಾಯಿತು. ಕಂಪನಿ ನಮ್ಮಲ್ಲಿಲ್ಲ ಎಂದಿತು. ನಗರಾಡಳಿತವೂ ಮುಂದೆ ಬರಲಿಲ್ಲ. 1956ರ ಡಿಸೆಂಬರ್ 30ರಂದು ರೈಲು ನಿಂತಿತು, ಮುಂದೆ ಗುಜರಿಗೆ ಹೋಯಿತು. ಲಾಭದ ಲೆಕ್ಕದಲ್ಲಿ ಮಾತ್ರ ಅಳೆದರೆ ಕಾರ್ಮಿಕರ ರೈಲಿನ ಗತಿ ಹೀಗಾಗುತ್ತದೆ.

ಬೆಂಗಳೂರಿನ ಲೆಕ್ಕ

ಈಗ ನಮ್ಮ ನಾಡಿಗೆ ಬರೋಣ. ಬೆಂಗಳೂರು ಮೆಟ್ರೋಗೆ 2006ರ ಜೂನ್ 24ರಂದು ಪ್ರಧಾನಿ ಮನಮೋಹನ ಸಿಂಗರು ಅಡಿಗಲ್ಲು ಹಾಕಿದರು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಮೊದಲ ರೈಲು ಓಡಿತು. ಮೊದಲ ಹಂತ ಪೂರ್ತಿಯಾದದ್ದು 2017ರ ಜೂನ್‌ನಲ್ಲಿ. ಮೊದಲು 33 ಕಿಲೋಮೀಟರಿಗೆ 6,395 ಕೋಟಿ ರೂಪಾಯಿ ಎಂದು ಅಂದಾಜು ಮಾಡಿದ್ದರು. ಮುಗಿಯುವ ಹೊತ್ತಿಗೆ ಉದ್ದ 42 ಕಿಲೋಮೀಟರಾಯಿತು, ವೆಚ್ಚ ಸುಮಾರು 14 ಸಾವಿರ ಕೋಟಿಯಾಯಿತು. ಉದ್ದ ಕಾಲುಭಾಗದಷ್ಟು ಬೆಳೆದರೆ ವೆಚ್ಚ ಎರಡು ಪಟ್ಟಿಗೂ ಮೀರಿ ಬೆಳೆಯಿತು. ತಡವಾದ ಪ್ರತಿ ವರ್ಷಕ್ಕೂ ಬೆಲೆಯಿದೆ. ಆ ಬೆಲೆಯನ್ನು ತಡ ಮಾಡಿದವರು ತೆತ್ತದ್ದನ್ನು ನಾವು ಕಂಡಿಲ್ಲ.

ಎರಡನೆಯ ಹಂತಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2014ರ ಆರಂಭದಲ್ಲಿ. ಆ ಹಂತಕ್ಕೆ ಸೇರಿದ ಹಳದಿ ಮಾರ್ಗ, ಅಂದರೆ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19 ಕಿಲೋಮೀಟರಿನ 16 ನಿಲ್ದಾಣಗಳ ಮಾರ್ಗ, ಉದ್ಘಾಟನೆಯಾದದ್ದು 2025ರ ಆಗಸ್ಟ್ 10ರಂದು. ಇದು ಪೂರ್ತಿಯಾಗಿ ಕಂಬದ ಮೇಲಿನ ಮಾರ್ಗ. ಕಂಬ ಎದ್ದು, ಹಳಿ ಬಿದ್ದು, ನಿಲ್ದಾಣಕ್ಕೆ ಬಣ್ಣ ಹೊಡೆದ ಮೇಲೂ ಬೋಗಿಗಳು ಬರದೆ ಮಾರ್ಗ ಖಾಲಿ ನಿಂತಿತ್ತು. ಕೊನೆಗೆ ಮೂರೇ ರೈಲುಗಳಿಂದ, ಇಪ್ಪತ್ತೈದು ನಿಮಿಷಕ್ಕೊಂದರಂತೆ, ಸೇವೆ ಆರಂಭವಾಯಿತು. ಆದರೂ ಜನ ನುಗ್ಗಿದರು. ಜನರಿಗೆ ತೆರೆದ ಮೊದಲ ದಿನ, ಆಗಸ್ಟ್ 11ರಂದು, ಮೆಟ್ರೋದ ಎಲ್ಲ ಮಾರ್ಗಗಳಲ್ಲಿ ಒಟ್ಟು ಓಡಾಡಿದವರ ಸಂಖ್ಯೆ 10 ಲಕ್ಷ ದಾಟಿತು. ಜನರಿಗೆ ರೈಲು ಎಷ್ಟು ಬೇಕಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆ ಹಳದಿ ಮಾರ್ಗ ಹೋಗುವ ದಾರಿಯನ್ನು ನೋಡಿ. ಬೊಮ್ಮನಹಳ್ಳಿ, ಹೊಂಗಸಂದ್ರ, ಹೆಬ್ಬಗೋಡಿ, ಬೊಮ್ಮಸಂದ್ರ. ಇವು ಸಿದ್ಧ ಉಡುಪಿನ ಹೆಣ್ಣುಮಕ್ಕಳ, ಸಣ್ಣ ಕಾರ್ಖಾನೆಗಳ ಊರುಗಳು. 2016ರ ಏಪ್ರಿಲ್‌ನಲ್ಲಿ, ಭವಿಷ್ಯನಿಧಿಯ ಹಣವನ್ನು ತೆಗೆಯಲು ಕೇಂದ್ರ ಸರ್ಕಾರ ಅಡ್ಡಿ ಹಾಕಿದಾಗ, ಇದೇ ಹೊಸೂರು ರಸ್ತೆಯಲ್ಲಿ ಸಾವಿರಾರು ಹೆಂಗಸರು ಯಾವ ದೊಡ್ಡ ನಾಯಕರನ್ನೂ ಕಾಯದೆ ಬೀದಿಗಿಳಿದು ಕುಳಿತರು. ಎರಡು ದಿನಗಳಲ್ಲಿ ದೆಹಲಿಯ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಆ ಹೆಂಗಸರ ತಲೆಯ ಮೇಲೆ ಈಗ ರೈಲು ಓಡುತ್ತಿದೆ. ಅದರೊಳಗೆ ಅವರು ಕುಳಿತಿದ್ದಾರೆಯೇ ಎಂಬುದೇ ನನ್ನ ಪ್ರಶ್ನೆ.

ಆ ಮಾರ್ಗದ ಕೆಲವು ನಿಲ್ದಾಣಗಳಿಗೆ ದೊಡ್ಡ ಕಂಪನಿಗಳ ಹೆಸರುಗಳನ್ನು ಇಟ್ಟಿದ್ದಾರೆ. ನಿಲ್ದಾಣದ ವೆಚ್ಚಕ್ಕೆ ಹಣ ಕೊಟ್ಟದ್ದಕ್ಕೆ ಇದು ಪ್ರತಿಫಲ. ಹಣ ಬಂದರೆ ಬರಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬೊಕ್ಕಸಕ್ಕೆ ಬಹುಪಾಲು ಹಣ ತುಂಬಿದ ಜನತೆಯ ಹೆಸರು ಯಾವ ಬೋರ್ಡಿನ ಮೇಲೂ ಇಲ್ಲ ಎಂಬುದನ್ನು ಮಾತ್ರ ಗಮನಿಸಿ.

ದರದ ಪ್ರಶ್ನೆ

2025ರ ಫೆಬ್ರವರಿ 9ರಂದು ಬೆಂಗಳೂರು ಮೆಟ್ರೋ ದರ ಏರಿತು. ಅತಿ ಹೆಚ್ಚಿನ ದರ 60 ರೂಪಾಯಿ ಇದ್ದದ್ದು 90 ರೂಪಾಯಿ ಆಯಿತು. ಕೆಲವು ಪ್ರಯಾಣಗಳಿಗೆ ದರ ಹೆಚ್ಚು ಕಡಿಮೆ ಎರಡು ಪಟ್ಟಾಗಿ, ಜನ ಕೂಗೆಬ್ಬಿಸಿದ ಮೇಲೆ ನಾಲ್ಕೈದು ದಿನಗಳಲ್ಲಿ ಅವನ್ನು ಸ್ವಲ್ಪ ಇಳಿಸಿದರು. ಆ ಪಟ್ಟಿಯ ಪ್ರಕಾರ ಎರಡು ಕಿಲೋಮೀಟರಿನೊಳಗೆ 10 ರೂಪಾಯಿ, ಹತ್ತರಿಂದ ಹದಿನೈದು ಕಿಲೋಮೀಟರಿಗೆ 60 ರೂಪಾಯಿ, ಇಪ್ಪತ್ತೈದು ದಾಟಿದರೆ 90 ರೂಪಾಯಿ.

1963ರಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಲೋಕಸಭೆಯಲ್ಲಿ ಎತ್ತಿದ್ದು ಮೂರಾಣೆಯ ಪ್ರಶ್ನೆ. ದೇಶದ ಕೋಟಿಗಟ್ಟಲೆ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಅವರು ಹೇಳಿದರು. ಸರ್ಕಾರ ಹದಿನೈದಾಣೆ ಎಂದಿತು. ದೊಡ್ಡ ಯೋಜನೆಯನ್ನು ಬಡವನ ಒಂದು ದಿನದ ಲೆಕ್ಕದಿಂದ ಅಳೆಯಬೇಕೆಂಬ ಪಾಠವನ್ನು ಅವರು ನಮಗೆ ಕಲಿಸಿದರು. ಆ ಪಾಠವನ್ನೇ ಇಲ್ಲಿ ಹಾಕಿ ನೋಡೋಣ.

ಮನೆಯಿಂದ ಕಾರ್ಖಾನೆಗೆ ಹದಿನಾಲ್ಕು ಕಿಲೋಮೀಟರು ಎಂದು ಇಟ್ಟುಕೊಳ್ಳಿ. ಹೋಗಲು 60, ಬರಲು 60, ದಿನಕ್ಕೆ 120 ರೂಪಾಯಿ. ತಿಂಗಳಲ್ಲಿ ಇಪ್ಪತ್ತೈದು ದಿನ ಕೆಲಸಕ್ಕೆ ಹೋದರೆ 3,000 ರೂಪಾಯಿ. ಕಾರ್ಡು ಕೊಂಡವರಿಗೆ ನೂರಕ್ಕೆ ಐದರ ರಿಯಾಯಿತಿ ಸೇರಿಸಿದರೂ 2,850. ತಿಂಗಳಿಗೆ ಹದಿನೈದು ಸಾವಿರ ದುಡಿಯುವವನಿಗೆ ಇದು ದುಡಿಮೆಯ ಐದನೆಯ ಒಂದು ಪಾಲು. ಮನೆ ಬಾಡಿಗೆ ಕಳೆದು, ಅಕ್ಕಿ ಬೇಳೆ ಕಳೆದು, ಮಕ್ಕಳ ಶಾಲೆಯ ಹಣ ಕಳೆದು ಇಷ್ಟನ್ನು ರೈಲಿಗೆ ಕೊಡಬಲ್ಲವರು ಯಾರು? ಕಂಪ್ಯೂಟರಿನ ಮುಂದೆ ಕೂರುವ ನೌಕರ ಕೊಡಬಲ್ಲ. ಹೊಲಿಗೆ ಯಂತ್ರದ ಮುಂದೆ ಕೂರುವವಳು ಕೊಡಲಾರಳು.

ಖರ್ಚು ಹೆಚ್ಚಿದೆ, ಏನು ಮಾಡುವುದು ಎಂದು ಅಧಿಕಾರಿಗಳು ಹೇಳುತ್ತಾರೆ. 2017ರಿಂದ ದರ ಏರಿಸಿರಲಿಲ್ಲ ಎಂಬ ಅವರ ಮಾತು ನಿಜ. ವಿದ್ಯುತ್ತಿನ ದರ ಏರಿದೆ, ಸಂಬಳ ಏರಿದೆ, ಜಪಾನಿನ ಮತ್ತು ಫ್ರಾನ್ಸಿನ ಸಂಸ್ಥೆಗಳಿಂದ ತಂದ ಸಾಲಕ್ಕೆ ಬಡ್ಡಿ ಕಟ್ಟಬೇಕು ಎಂಬುದೂ ನಿಜ. ಆದರೆ ದೆಹಲಿಗೂ ವಿದ್ಯುತ್ತು ಬೇಕು, ದೆಹಲಿಯೂ ಸಾಲ ತಂದಿದೆ. ಅಲ್ಲಿ 2025ರ ಆಗಸ್ಟ್ 25ರಂದು ದರ ಏರಿಸಿದ ಮೇಲೂ ಅತಿ ಹೆಚ್ಚಿನದು 64 ರೂಪಾಯಿ, ಅದೂ 32 ಕಿಲೋಮೀಟರು ದಾಟಿದ ಮೇಲೆ. ಬೆಂಗಳೂರಿನಲ್ಲಿ 60 ರೂಪಾಯಿ ಕೊಡುವ ಆ ಹದಿನಾಲ್ಕು ಕಿಲೋಮೀಟರಿಗೆ ದೆಹಲಿಯಲ್ಲಿ 43 ರೂಪಾಯಿ. ತಿಂಗಳಿಗೆ 850 ರೂಪಾಯಿಯ ವ್ಯತ್ಯಾಸ. ಇಬ್ಬರ ರೈಲೂ ಒಂದೇ ಬಗೆಯದು. ಒಬ್ಬನ ಜೇಬಿಗೆ ಮಾತ್ರ ಹೆಚ್ಚು ಕತ್ತರಿ ಏಕೆ?

ಈ ದರವನ್ನು ಯಾರು ನಿರ್ಧರಿಸಿದರು ಎಂಬುದನ್ನೂ ನೀವು ತಿಳಿದಿರಬೇಕು. 2002ರ ಮೆಟ್ರೋ ರೈಲ್ವೆ ಕಾಯಿದೆಯಂತೆ ದರ ನಿಗದಿ ಸಮಿತಿಯೊಂದಿದೆ. ಉಚ್ಚ ನ್ಯಾಯಾಲಯದ ಹಾಲಿ ಅಥವಾ ನಿವೃತ್ತ ನ್ಯಾಯಾಧೀಶರೊಬ್ಬರು ಅಧ್ಯಕ್ಷರು, ಕೇಂದ್ರದವರೊಬ್ಬರು, ರಾಜ್ಯದವರೊಬ್ಬರು. ಒಟ್ಟು ಮೂರು ಕುರ್ಚಿ. ದಿನವೂ ನಿಂತು ಪ್ರಯಾಣ ಮಾಡುವವನಿಗೆ ನಾಲ್ಕನೆಯ ಕುರ್ಚಿ ಇಲ್ಲ. ಆ ಸಮಿತಿ ಹೇಳಿದ್ದು ನಿಗಮಕ್ಕೆ ಕಡ್ಡಾಯ. ದರ ಏರಿದಾಗ ರಾಜ್ಯದವರು ಕೇಂದ್ರದತ್ತ ಬೆರಳು ತೋರಿದರು, ಕೇಂದ್ರದವರು ರಾಜ್ಯದತ್ತ ತೋರಿದರು. ಇಬ್ಬರೂ ಅರ್ಧರ್ಧ ಒಡೆಯರಾದ ಸಂಸ್ಥೆಯಲ್ಲಿ ಇಬ್ಬರಿಗೂ ಸಂಬಂಧವಿಲ್ಲವಂತೆ! ಸಮಿತಿಯ ವರದಿ ಜನರ ಕೈಗೆ ಸಿಕ್ಕಿದ್ದು ದರ ಏರಿ ಏಳು ತಿಂಗಳಾದ ಮೇಲೆ, 2025ರ ಸೆಪ್ಟೆಂಬರಿನಲ್ಲಿ. ಪ್ರತಿ ವರ್ಷ ನೂರಕ್ಕೆ ಐದರವರೆಗೆ ದರ ತಾನಾಗಿಯೇ ಏರುತ್ತ ಹೋಗುವ ಏರ್ಪಾಟನ್ನೂ ಆ ಸಮಿತಿ ಸೂಚಿಸಿದೆ. ನಿಮ್ಮ ಕೂಲಿ ವರ್ಷಕ್ಕೆ ನೂರಕ್ಕೆ ಐದರಂತೆ ತಾನಾಗಿಯೇ ಏರುವ ಕಾಯಿದೆ ಯಾವುದಾದರೂ ಉಂಟೇ?

ಬೀದಿಯ ವರ್ತಕನ ಪ್ರಶ್ನೆ

ಈಗ ವರ್ತಕ ಮಿತ್ರರ ಕಡೆಗೆ ಬರುತ್ತೇನೆ. ಬೆಂಗಳೂರಿನ ಇಂದಿರಾನಗರದಲ್ಲಿ ಸಿ.ಎಂ.ಎಚ್. ರಸ್ತೆ ಎಂಬ ವ್ಯಾಪಾರದ ಬೀದಿ ಇದೆ. ಮೊದಲ ಮಾರ್ಗ ಆ ಬೀದಿಯ ಮೇಲೆ ಹಾಯುತ್ತದೆಂದಾಗ ಅಲ್ಲಿಯ ಅಂಗಡಿಯವರು ಎದ್ದು ನಿಂತರು. ಪಕ್ಕದ ಹಳೆ ಮದರಾಸು ರಸ್ತೆಯಲ್ಲಿ ಹೋಗಲಿ ಎಂದರು, ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಮಾರ್ಗ ಬದಲಾಗಲಿಲ್ಲ. ಜಯನಗರದ ನಂದಾ ರಸ್ತೆಯಲ್ಲಿ 2009ರಲ್ಲಿ ಮರಗಳನ್ನು ಕಡಿಯಲು ಬಂದಾಗ ನಿವಾಸಿಗಳು ಅಡ್ಡ ನಿಂತರು, ಮರಗಳೂ ಉಳಿಯಲಿಲ್ಲ.

ಇಂಥ ಬೀದಿಯಲ್ಲಿ ಮೂರು ಬಗೆಯ ಜನರಿರುತ್ತಾರೆ. ಒಬ್ಬ ಕಟ್ಟಡದ ಒಡೆಯ. ಅವನ ನೆಲ ಹೋದರೆ ಅದಕ್ಕೆ ಬೆಲೆ ಸಿಗುತ್ತದೆ. ಉಳಿದ ನೆಲಕ್ಕೆ ಮೆಟ್ರೋ ಬಂದ ಮೇಲೆ ಬೆಲೆ ಏರುತ್ತದೆ. ಎರಡನೆಯವನು ಬಾಡಿಗೆಯ ಅಂಗಡಿಯವನು. ವರ್ಷಗಟ್ಟಲೆ ರಸ್ತೆ ಅಗೆದು, ತಗಡಿನ ಬೇಲಿ ಹಾಕಿ, ಗಿರಾಕಿ ನಿಲ್ಲಲು ಜಾಗವಿಲ್ಲದಂತೆ ಮಾಡಿದಾಗ ಅವನ ವ್ಯಾಪಾರ ಸೊರಗುತ್ತದೆ. ಅಂಗಡಿ ಅಲ್ಲಿಯೇ ಇರುತ್ತದೆ; ಒಂದು ಇಟ್ಟಿಗೆಯೂ ಕದಲಿಲ್ಲವಾದ್ದರಿಂದ ಅವನು ಪರಿಹಾರದ ಪಟ್ಟಿಗೆ ಸುಲಭವಾಗಿ ಸೇರುವುದಿಲ್ಲ. ಕಾಮಗಾರಿ ಮುಗಿದು ರೈಲು ಓಡಿ ಜನ ಬರತೊಡಗಿದಾಗ ಒಡೆಯ ಬಾಡಿಗೆ ಏರಿಸುತ್ತಾನೆ. ಕಷ್ಟದ ದಿನಗಳಲ್ಲಿ ಬಾಗಿಲು ತೆರೆದಿಟ್ಟವನು ಸುಖದ ದಿನಗಳು ಬರುವಾಗ ಬಾಗಿಲು ಮುಚ್ಚಿ ಹೋಗುತ್ತಾನೆ. ಮೂರನೆಯವನು ತಳ್ಳುಗಾಡಿಯವನು. ಅವನು ಯಾವ ಕಾಗದದಲ್ಲಿಯೂ ಇಲ್ಲ.

1882ರಲ್ಲಿಯೇ ನ್ಯೂಯಾರ್ಕಿನ ನ್ಯಾಯಾಲಯ ಒಪ್ಪಿದ ತತ್ತ್ವವನ್ನು ಇಲ್ಲಿ ನೆನೆಯಿರಿ. ಇಟ್ಟಿಗೆ ಮುಟ್ಟದೆಯೂ ನಷ್ಟ ಮಾಡಬಹುದು, ಆ ನಷ್ಟಕ್ಕೂ ಬೆಲೆ ಕಟ್ಟಬೇಕು. ಆ ತೀರ್ಪು ಒಡೆಯನ ಹಕ್ಕನ್ನು ಹೇಳಿತು. ನಾವು ಅದನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದು, ಬಾಡಿಗೆದಾರನಿಗೂ ತಳ್ಳುಗಾಡಿಯವನಿಗೂ ಆ ಹಕ್ಕು ಬೇಕೆಂದು ಕೇಳಬೇಕು.

ಇನ್ನು ನೆಲದ ಲಾಭದ ಮಾತು. ಮಲ್ಲೇಶ್ವರದಲ್ಲಿ ಜನ ರಾಜಾ ಮಿಲ್ ಎಂದು ಕರೆಯುತ್ತಿದ್ದ ಬಟ್ಟೆ ಗಿರಣಿ ಇತ್ತು. ಮಿಲ್ಲು ಹೋಯಿತು. ಆ ನೆಲದಲ್ಲಿ ಈಗ ದೊಡ್ಡ ಮಾಲ್ ನಿಂತಿದೆ. ಅದರ ಮಗ್ಗುಲಲ್ಲೇ ಸಂಪಿಗೆ ರಸ್ತೆಯ ಮೆಟ್ರೋ ನಿಲ್ದಾಣ. 2014ರ ಮಾರ್ಚ್ 1ರಂದು ಅಲ್ಲಿಂದ ಪೀಣ್ಯದ ಕಡೆಗೆ ರೈಲು ಓಡಲು ಆರಂಭವಾಯಿತು. ಒಂದು ಕಾಲಕ್ಕೆ ಕಾರ್ಮಿಕ ನಡೆದು ಬರುತ್ತಿದ್ದ ಜಾಗಕ್ಕೆ ಈಗ ಗಿರಾಕಿ ರೈಲಿನಲ್ಲಿ ಬರುತ್ತಾನೆ. ನಿಲ್ದಾಣವನ್ನು ಕಟ್ಟಿದ್ದು ಜನರ ಹಣ. ನಿಲ್ದಾಣದ ಪಕ್ಕದ ನೆಲ ಚಿನ್ನವಾದದ್ದು ಆ ಜನರ ಹಣದಿಂದ. ಹೀಗಿರುವಾಗ ನಿಗಮಕ್ಕೆ ಹಣ ಸಾಲದೆಂದರೆ ಅದನ್ನು ಟಿಕೆಟ್ಟು ಕೊಳ್ಳುವವನ ಜೇಬಿನಲ್ಲಿ ಏಕೆ ಹುಡುಕಬೇಕು? ಮೂರನೆಯ ಅವೆನ್ಯೂವಿನ ಒಡೆಯರು ಕೈ ಕೆಸರಾಗದೆ ಮೊಸರು ತಿಂದರು. ನಮ್ಮಲ್ಲಿಯೂ ಹಾಗೆಯೇ ಆಗಬೇಕೇ?

ಕಟ್ಟಿದವರು, ನಡೆಸುವವರು

ಕಂಬಗಳನ್ನು ಕಟ್ಟಿದವರನ್ನು ಮರೆಯಬಾರದು. ಬಿಹಾರ, ಒರಿಸ್ಸಾ, ಬಂಗಾಳ, ನಮ್ಮದೇ ಉತ್ತರ ಕರ್ನಾಟಕಗಳಿಂದ ಬಂದ ಕೂಲಿಗಳು ತಗಡಿನ ಗುಡಿಸಲಿನಲ್ಲಿ ಮಲಗಿ ರಾತ್ರಿಯ ಪಾಳಿಯಲ್ಲಿ ಈ ಕಾಂಕ್ರೀಟು ಏರಿಸಿದ್ದಾರೆ. ಅವರ ಲೆಕ್ಕ ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಮುಗಿಯುತ್ತದೆ. 2023ರ ಜನವರಿ 10ರಂದು ನಾಗವಾರದ ಬಳಿ ಕಂಬಕ್ಕೆಂದು ಎತ್ತಿ ನಿಲ್ಲಿಸಿದ್ದ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿತು. ಸ್ಕೂಟರಿನಲ್ಲಿ ಹೋಗುತ್ತಿದ್ದ ತಾಯಿಯೂ ಅವಳ ಎಳೆಯ ಮಗುವೂ ಸತ್ತರು. ಬೇಗ ಮುಗಿಸಿ, ಅಗ್ಗವಾಗಿ ಮುಗಿಸಿ ಎಂಬ ಒತ್ತಡ ಮೇಲಿನಿಂದ ಇಳಿಯುತ್ತ ಬಂದಾಗ ಅದು ಕೊನೆಗೆ ಬೀಳುವುದು ಬೀದಿಯಲ್ಲಿ ಹೋಗುವವರ ತಲೆಯ ಮೇಲೆ.

ರೈಲು ನಡೆಸುವ ನೌಕರರ ಸ್ಥಿತಿಯೂ ಸುಗಮವಲ್ಲ. ಭದ್ರತಾ ಸಿಬ್ಬಂದಿಯೊಂದಿಗೆ ಘರ್ಷಣೆಯಾಗಿ ಸಹೋದ್ಯೋಗಿಗಳನ್ನು ಬಂಧಿಸಿದಾಗ, 2017ರ ಜುಲೈ 7ರಂದು ಅವರು ಕೆಲಸ ನಿಲ್ಲಿಸಿದರು. ಬೆಳಗಿನ ಹಲವು ಗಂಟೆ ಬೆಂಗಳೂರಿನಲ್ಲಿ ಮೆಟ್ರೋ ಓಡಲಿಲ್ಲ. ಪ್ರಯಾಣಿಕರಿಗೆ ತೊಂದರೆಯಾಯಿತು ಎಂದು ಪತ್ರಿಕೆಗಳು ಬರೆದವು. ಆದದ್ದು ನಿಜ. ಆದರೆ ಗಾಜಿನ ಗೋಡೆ, ಹೊಳೆಯುವ ನೆಲ, ತಾನೇ ತೆರೆಯುವ ಬಾಗಿಲು ಇವುಗಳ ಹಿಂದೆ ಕೈಗಳಿವೆ ಎಂಬುದು ನಗರಕ್ಕೆ ಅಂದು ಗೊತ್ತಾಯಿತು.

ನಮ್ಮ ಬೇಡಿಕೆಗಳು

ಬಂಧುಗಳೇ, ದೂರುವುದಷ್ಟೇ ನಮ್ಮ ಕೆಲಸವಲ್ಲ. ಏನು ಮಾಡಬೇಕೆಂದೂ ಹೇಳಬೇಕು.

ಒಂದು: ದುಡಿಯುವವರಿಗೆ ತಿಂಗಳ ಪಾಸು ಬೇಕು. ಇದು ಆಕಾಶದ ಹಣ್ಣಲ್ಲ. ಮುಂಬಯಿಯ ಲೋಕಲ್ ರೈಲಿನಲ್ಲಿ ಸುಮಾರು ಹದಿನೈದು ಒಂಟಿ ಪ್ರಯಾಣದ ದರಕ್ಕೆ ತಿಂಗಳಿಡೀ ಓಡಾಡುವ ಸೀಸನ್ ಟಿಕೆಟ್ಟು ಸಿಗುತ್ತದೆ. ಅದೇ ನಿಯಮವನ್ನು ಬೆಂಗಳೂರಿಗೆ ಹಾಕಿದರೆ, ನಾನು ಹೇಳಿದ ಕಾರ್ಮಿಕನ 3,000 ರೂಪಾಯಿ 900ಕ್ಕೆ ಇಳಿಯುತ್ತದೆ. ಅಲ್ಲಿ ಆಗುವುದು ಇಲ್ಲಿ ಏಕೆ ಆಗಬಾರದು? 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಬಂದಾಗ ಬೊಕ್ಕಸ ಮುಳುಗುತ್ತದೆ ಎಂದು ಹೇಳಿದವರು ಬಹಳ ಮಂದಿ. ಬಸ್ಸುಗಳು ಓಡುತ್ತಲೇ ಇವೆ. ಹೊಲಿಗೆ ಯಂತ್ರದ ಹೆಣ್ಣುಮಗಳಿಗೆ ಬಸ್ಸಿನ ಬಾಗಿಲು ತೆರೆದು ರೈಲಿನ ಬಾಗಿಲು ಮುಚ್ಚಿಡುವುದು ಯಾವ ನ್ಯಾಯ?

ಎರಡು: ದರ ನಿಗದಿ ಸಮಿತಿಯಲ್ಲಿ ಪ್ರಯಾಣಿಕರ ಮತ್ತು ಕಾರ್ಮಿಕ ಸಂಘಗಳ ಪ್ರತಿನಿಧಿಗಳು ಇರಬೇಕು. ವರದಿ ಮೊದಲು ಜನರ ಮುಂದೆ ಬರಬೇಕು, ದರ ಆಮೇಲೆ. ಇದಕ್ಕೆ 2002ರ ಕಾಯಿದೆಯನ್ನು ತಿದ್ದಬೇಕು. ತಿದ್ದುವ ಅಧಿಕಾರ ಸಂಸತ್ತಿಗಿದೆ.

ಮೂರು: ನಿಲ್ದಾಣದ ಸುತ್ತ ತಾನಾಗಿ ಏರಿದ ನೆಲದ ಬೆಲೆಯಲ್ಲಿ ಒಂದು ದೊಡ್ಡ ಪಾಲು ಮೆಟ್ರೋಗೆ ಬರಬೇಕು. ಆ ಹಣದಿಂದ ಸಾಲ ತೀರಲಿ, ಪಾಸಿನ ನಷ್ಟ ತುಂಬಲಿ. ದೊಡ್ಡ ಆಸ್ತಿಗೆ ಈ ತೆರಿಗೆ ಬೀಳಲಿ. ಹತ್ತಡಿಯ ಅಂಗಡಿಯವನನ್ನು ಬಿಡಲಿ.

ನಾಲ್ಕು: ಕಾಮಗಾರಿ ನಡೆಯುವ ಬೀದಿಯ ಬಾಡಿಗೆದಾರ ವರ್ತಕರಿಗೆ ವ್ಯಾಪಾರ ನಷ್ಟದ ಪರಿಹಾರ, ಕಾಮಗಾರಿ ಮುಗಿದ ಮೇಲೆ ಕೆಲವು ವರ್ಷ ಬಾಡಿಗೆ ಏರಿಸದಂತೆ ರಕ್ಷಣೆ, ತಳ್ಳುಗಾಡಿಯವರಿಗೆ ಕಂಬದ ಕೆಳಗೆ ಮತ್ತು ನಿಲ್ದಾಣದ ಬಳಿ ಗೊತ್ತಾದ ಜಾಗ.

ಐದು: ಬೆಂಗಳೂರಿಗೆ ಕೊಟ್ಟ ಪ್ರತಿ ಸಾವಿರ ಕೋಟಿಯ ಜೊತೆಗೆ ಜಿಲ್ಲೆಯ ಊರುಗಳ ಬಸ್ಸಿಗೂ ಲೆಕ್ಕ ಹೇಳಿ ಹಣ ಕೊಡಬೇಕು. ಅಲ್ಲಿ ರೈಲು ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಓಡಬಲ್ಲದು. ಇಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕ ಬಸ್ಸಿಲ್ಲದೆ ನಡೆದು ಹೋಗುತ್ತಾನೆ. ಊರುಗಳಲ್ಲಿ ಕೆಲಸವೂ ಸಾಗಣೆಯೂ ಇದ್ದರೆ ನಮ್ಮ ಮಕ್ಕಳು ಆ ನಗರಕ್ಕೆ ಹೋಗಿ ಇನ್ನಷ್ಟು ಕಂಬಗಳು ಬೇಕಾಗುವಂತೆ ಮಾಡಬೇಕಾಗಿಲ್ಲ.

ಕಾರ್ಮಿಕರೂ ಸಣ್ಣ ವರ್ತಕರೂ ಬೇರೆ ಬೇರೆ ಹಿತದವರೆಂದು ನಮ್ಮನ್ನು ಒಡೆಯುವವರಿದ್ದಾರೆ. ಅಂಗಡಿಯವನಿಗೆ ರೈಲು ಬೇಡ, ಕಾರ್ಮಿಕನಿಗೆ ರೈಲು ಬೇಕು ಎಂದು ಅವರು ಹೇಳುತ್ತಾರೆ. ಹೊಸೂರು ರಸ್ತೆಯ ಕಾರ್ಮಿಕನ ಜೇಬಿನಲ್ಲಿ ಹಣ ಉಳಿದರೆ ಅದು ಸಂಜೆ ಅದೇ ರಸ್ತೆಯ ಅಂಗಡಿಗೆ ಬರುತ್ತದೆ. ಅದು ಟಿಕೆಟ್ಟಿಗೂ ಬಾಡಿಗೆಗೂ ಹೋದರೆ ಇಬ್ಬರಿಗೂ ಇಲ್ಲ. ಆದ್ದರಿಂದ ದರ ಇಳಿಸುವ ಹೋರಾಟದಲ್ಲಿ ವರ್ತಕರು ನಿಲ್ಲಬೇಕು, ಪರಿಹಾರದ ಹೋರಾಟದಲ್ಲಿ ಕಾರ್ಮಿಕರು ನಿಲ್ಲಬೇಕು.

ಈ ಐದು ಬೇಡಿಕೆಗಳನ್ನು ಸಭೆಯ ನಿರ್ಣಯವಾಗಿ ಬರೆದು ನಮ್ಮ ಕ್ಷೇತ್ರದ ಶಾಸಕರಿಗೂ ಸಂಸದರಿಗೂ ಕಳಿಸೋಣ. ಬೆಂಗಳೂರಿನಲ್ಲಿರುವ ನಿಮ್ಮ ಮಕ್ಕಳಿಗೂ ಒಂದೊಂದು ಪ್ರತಿ ಕಳಿಸಿ. ಅವರ ಕಾರ್ಖಾನೆಯ ಸಂಘದಲ್ಲಿ ಇದನ್ನು ಓದಿಸಲಿ. ಮತ ಕೇಳಲು ಬಂದವರನ್ನು, ಹದಿನಾಲ್ಕು ಕಿಲೋಮೀಟರಿಗೆ ನಮ್ಮ ಹುಡುಗ ಎಷ್ಟು ಕೊಡಬೇಕು, ನಮ್ಮ ಊರಿಗೆ ಎಷ್ಟು ಬಸ್ಸು ಕೊಡುತ್ತೀರಿ ಎಂದು ಕೇಳಿ. ಉತ್ತರವನ್ನು ರೂಪಾಯಿ ಲೆಕ್ಕದಲ್ಲಿಯೇ ಹೇಳಬೇಕೆಂದು ಹಟ ಹಿಡಿಯಿರಿ.